ಒಂದೇ ಬೀಸುಕಲ್ಲು, ಎರಡು ನುಡಿ

ಕೆರೆ ತೋಡುವ ಕೆಲಸಗಾರರು ಸಿಟ್ಟಿಗೆದ್ದು ದಾರಿಹೋಕನೊಬ್ಬನ ಮೇಲೆ ಕಲ್ಲು ಬೀರುತ್ತಾರೆ. ಅವನಿಗೆ ಒಂದು ಗೀರೂ ಬೀಳುವುದಿಲ್ಲ, ಕಲ್ಲುಗಳೇ ಗುಡ್ಡೆಯಾಗಿ ಬೆಳೆಯುತ್ತವೆ. ಸುದ್ದಿ ಕೇಳಿ ಅವರ ಗುರು ಕೆರಳಿ ಬರುತ್ತಾನೆ, ಹಣೆಗಣ್ಣು ತೆರೆಯುತ್ತದೆ. ಆ ಉರಿಯೂ ದಾರಿಹೋಕನ ಮುಂದೆ ತಣ್ಣಗಾಗುತ್ತದೆ. ಅಲ್ಲಮಪ್ರಭು ಸೊನ್ನಲಿಗೆಗೆ ಬಂದು ಸಿದ್ಧರಾಮನನ್ನು ಕೆಣಕುವ ಈ ಪ್ರಸಂಗ ಶೂನ್ಯಸಂಪಾದನೆಯದು. ಆ ಸೊನ್ನಲಿಗೆಯೇ ಇಂದಿನ ಮಹಾರಾಷ್ಟ್ರದ ಸೊಲ್ಲಾಪುರ. ಸಿದ್ಧರಾಮ ಕಟ್ಟಿಸಿದನೆಂದು ಜನ ನಂಬುವ ಕೆರೆ ಊರ ನಡುವೆ ಈಗಲೂ ಇದೆ. ದಡದಲ್ಲಿ ಕೋಟೆ, ನೀರಿನ ನಡುವೆ ಸಿದ್ಧೇಶ್ವರನ ಗುಡಿ.

13ನೇ ಶತಮಾನದಲ್ಲಿ ರಾಘವಾಂಕ ಈ ಸಿದ್ಧರಾಮನ ಕಥೆಯನ್ನು ಷಟ್ಪದಿಯಲ್ಲಿ ಹೇಳಿದ. ಹೊಲ ಕಾಯುವ ಹುಡುಗನ ಬಳಿಗೆ ಶ್ರೀಶೈಲದ ಶಿವ ಮಲ್ಲಯ್ಯ ಜಂಗಮನಾಗಿ ಬರುವುದು, ಕಾಣೆಯಾದ ಅವನನ್ನು ಹುಡುಕುತ್ತ ಹುಡುಗ ಶ್ರೀಶೈಲದ ಕೊರಕಲಿನ ತುದಿಯವರೆಗೆ ಹೋಗುವುದು: ಅದ್ಭುತದ ಯಾವ ಸರಕಿಗೂ ಕೊರತೆಯಿಲ್ಲ. ಆದರೆ ಸಂಕ್ರಾಂತಿ ಹೊತ್ತಿಗೆ ನಂದಿಧ್ವಜಗಳ ಹಿಂದೆ ನಡೆಯುವ ಸೊಲ್ಲಾಪುರದ ಮಂದಿಯಲ್ಲಿ ಬಹಳಷ್ಟು ಜನ ಇಂದು ಓದುವುದು ಮರಾಠಿ. ತಮ್ಮ ಊರಿನ ನಾಯಕನ ಕಾವ್ಯ ಅವರಿಗೆ ಅನುವಾದದ ಮೂಲಕವೇ ಸಿಗಬೇಕು.

ಅಂಥ ಅನುವಾದದ ಕೆಲಸಕ್ಕೆ ಟೊಂಕ ಕಟ್ಟಿದವರು ಜಯದೇವಿತಾಯಿ ಲಿಗಾಡೆ. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಅವರ ಶಾಲೆ ಮರಾಠಿಯದು. ಕನ್ನಡದ ಓದು ಬರಹವನ್ನು ಆಮೇಲೆ ತಾವೇ ಛಲದಿಂದ ಕಲಿತರು. ಬಸವಣ್ಣನ ವಚನಗಳನ್ನು, ಸಿದ್ಧರಾಮನ ತ್ರಿವಿಧಿಯನ್ನು, ಕೊನೆಗೆ ಶೂನ್ಯಸಂಪಾದನೆಯನ್ನೂ ಮರಾಠಿಗೆ ತಂದರು. ಅಷ್ಟಕ್ಕೇ ನಿಲ್ಲದೆ, ಕಲಿತ ಕನ್ನಡದಲ್ಲಿಯೇ ‘ಸಿದ್ಧರಾಮೇಶ್ವರ ಪುರಾಣ’ವನ್ನು ಬರೆದರು, ಅದೂ ನಾಲ್ಕು ಸಾವಿರಕ್ಕೂ ಹೆಚ್ಚು ತ್ರಿಪದಿಗಳಲ್ಲಿ. 1974ರ ಮಂಡ್ಯ ಸಮ್ಮೇಳನದಲ್ಲಿ ಅವರು ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆಯಾದದ್ದನ್ನು ಎಲ್ಲರೂ ನೆನೆಯುತ್ತಾರೆ. ಅವರ ಅನುವಾದಗಳನ್ನು ನೆನೆಯುವವರು ಕಡಿಮೆ. ಇದು ನನಗೆ ನೋವಿನ ಸಂಗತಿ.

ತ್ರಿಪದಿಯನ್ನು ಅವರು ಆರಿಸಿಕೊಂಡದ್ದನ್ನು ಸ್ವಲ್ಪ ನಿಂತು ನೋಡಬೇಕು. ಸ್ವತಃ ಸಿದ್ಧರಾಮ ಹಾಡಿದ್ದು ಅದರಲ್ಲಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಳೆಯದಾದ ಆ ಛಂದಸ್ಸು ನಮ್ಮ ಹೆಣ್ಣುಮಕ್ಕಳ ಬೀಸುಕಲ್ಲಿನ ಮುಂದೆ ಬದುಕಿ ಉಳಿಯಿತು. ಮರಾಠಿ ಹೆಣ್ಣುಮಕ್ಕಳು ‘ಜಾತೆ’ ಎನ್ನುವ ತಮ್ಮ ಬೀಸುಕಲ್ಲಿನ ಮುಂದೆ ಹಾಡಿದ್ದು ಓವಿ. ಎರಡಕ್ಕೂ ಒಂದೇ ತೋಳಿನ ತಿರುವು, ಒಂದೇ ಉಸಿರಿನ ಅಳತೆ. 9ನೇ ಶತಮಾನದ ಜಾವಾದ ಕವಿ ರಾಮಾಯಣವನ್ನು ತನ್ನ ನುಡಿಗೆ ತಂದಾಗ ಸಂಸ್ಕೃತದ ವೃತ್ತಗಳನ್ನೇ ಹಳೆಯ ಜಾವಾ ಭಾಷೆಗೆ ಒಗ್ಗಿಸಬೇಕಾಯಿತು. ಭೀಮೆಯ ಈ ದಂಡೆಯ ಅನುವಾದಕರಿಗೆ ಆ ಪಾಡು ಇಲ್ಲ. ಲಯ ಎರಡೂ ಮನೆಗಳಲ್ಲಿ ಮೊದಲೇ ಇದೆ.

ಕಿವಿಯ ಬಲ ದೊಡ್ಡದು. ಪುಣೆಯ ಉಮಾ ಕುಲಕರ್ಣಿ ಭೈರಪ್ಪನವರ ‘ಪರ್ವ’ವನ್ನು ಮರಾಠಿಗೆ ತಂದವರು. ಪತಿ ವಿರೂಪಾಕ್ಷ ಕುಲಕರ್ಣಿ ಕನ್ನಡ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕೊಡುತ್ತಿದ್ದರು; ಅದನ್ನು ಕೇಳಿ ಉಮಾ ಮರಾಠಿಯಲ್ಲಿ ಬರೆಯುತ್ತಿದ್ದರು. ಕೇಳಿಸಿಕೊಂಡು ಮಾಡಿದ ಅನುವಾದದಲ್ಲಿ ಮಾತಿನ ಏರಿಳಿತ ಕೈತಪ್ಪಿ ಹೋಗುವುದಿಲ್ಲ. ಪುರಾಣಕಥೆಗೆ ಇದು ಇನ್ನೂ ಹೆಚ್ಚು ಬೇಕು, ಏಕೆಂದರೆ ಅದು ಹುಟ್ಟಿದ್ದೇ ಗಟ್ಟಿಯಾಗಿ ಹೇಳುವುದಕ್ಕೆ.

ಅಂಥ ಕಿವಿಗಳು ಸೊಲ್ಲಾಪುರಕ್ಕೆ ಹತ್ತಿರದ ಅಕ್ಕಲಕೋಟೆಯಲ್ಲಿವೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಮಹಾರಾಷ್ಟ್ರದ ಬೇರೆಡೆಗಳಿಂದ ಬರುವ ಭಕ್ತರೊಡನೆ ಮರಾಠಿ, ಮನೆಯಲ್ಲಿ ಕನ್ನಡ: ಈ ತಾಲೂಕಿನ ಮಕ್ಕಳಿಗೆ ಇದು ದಿನದ ಬಾಳು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡ ಶಾಲೆಗಳಿಗೆ ಪುಣೆಯ ಬಾಲಭಾರತಿಯ ಕನ್ನಡ ಪಠ್ಯಗಳು ಬರುತ್ತವೆ. ಪಠ್ಯವೇನೋ ಬಂತು, ಕಥೆ ಎಲ್ಲಿ? ಜಕಾರ್ತದ ಮಕ್ಕಳು ಹ್ಯಾರಿ ಪಾಟರನ್ನು ಲಿಸ್ತಿಯಾನಾ ಸ್ರಿಸಾಂತಿಯವರ ಇಂಡೋನೇಷ್ಯನ್ ಭಾಷೆಯಲ್ಲಿ ಓದಿ ಬೆಳೆದರು, ಪುಣೆಯ ಮಕ್ಕಳಿಗೂ ಅದು ಮರಾಠಿಯಲ್ಲಿದೆ. ಗಡಿಯ ಕನ್ನಡ ಮಕ್ಕಳಿಗೆ ತಮ್ಮದೇ ನೆಲದ ಅದ್ಭುತ ಕಥೆಯಾದರೂ ಚಿತ್ರಗಳೊಡನೆ, ಇಂದಿನ ಗದ್ಯದಲ್ಲಿ, ಎಡಕ್ಕೆ ಕನ್ನಡ ಬಲಕ್ಕೆ ಮರಾಠಿ ಇಟ್ಟು ಸಿಗಬೇಡವೇ?

ಗಡಿ ಎಂದೊಡನೆ ನಮಗೆ ನೆನಪಾಗುವುದು ಗಡಿ ವಿವಾದದ ಮಹಾಜನ ವರದಿ, ಬಸ್ಸಿಗೆ ಬಳಿದ ಮಸಿ. ಎರಡು ಭಾಷೆಗಳಲ್ಲಿ ಕನಸು ಕಾಣುವ ಮಕ್ಕಳು ಅಲ್ಲಿದ್ದಾರೆಂಬುದು ನೆನಪಾಗುವುದಿಲ್ಲ. ಕನ್ನಡ ಮತ್ತು ಮರಾಠಿಯ ನಡುವಿನ ನಾಳೆಯ ಅನುವಾದಕರು ಬೆಂಗಳೂರು, ಮುಂಬಯಿಗಳಿಗಿಂತ ಮೊದಲು ಇಲ್ಲಿಂದಲೇ ಬರಬೇಕು. ಕನ್ನಡದ ಅಕಾಡೆಮಿಗಳು, ಪ್ರಾಧಿಕಾರಗಳು, ಪ್ರಕಾಶಕರು ಇಷ್ಟು ಮಾಡಲಿ: ಜಯದೇವಿತಾಯಿಯವರ ಪುರಾಣವನ್ನೂ ಅವರ ಮರಾಠಿ ಅನುವಾದಗಳನ್ನೂ ಮಕ್ಕಳ ಕೈಗೆ ಎಟಕುವ ಬೆಲೆಯಲ್ಲಿ ಮತ್ತೆ ಅಚ್ಚು ಹಾಕಿಸಿ, ಮೊದಲ ಪ್ರತಿಗಳನ್ನು ಅಕ್ಕಲಕೋಟೆಯ ಕನ್ನಡ ಶಾಲೆಗಳಿಗೆ ಕಳಿಸಲಿ.