ತಣ್ಣಗೆ ಬಡಿಸುವ ಕೆಂಪು ವೈನ್

ಆಳಂದ, ಅಫಜಲಪುರ ಕಡೆಯ ದ್ರಾಕ್ಷಿ ಚಪ್ಪರ ನೋಡಿ ಬೆಳೆದ ನಮಗೆ ಆಲ್ಪ್ಸ್ ತಪ್ಪಲಿನ ‘ಸ್ಕಿಯಾವಾ’ ದೂರದ ನೆಂಟ. ಇಟಲಿಯ ದಕ್ಷಿಣ ಟೈರೋಲ್‌ನಲ್ಲಿ ಈ ಕೆಂಪು ದ್ರಾಕ್ಷಿಯನ್ನೂ ಹಿಂದಿನಿಂದ ಚಪ್ಪರಕ್ಕೇ ಹಬ್ಬಿಸುತ್ತಾರೆ. ಅಲ್ಲಿ ಚಳಿಗಾಲವಿಡೀ ಬಳ್ಳಿಗೆ ನಿದ್ದೆ, ವರ್ಷಕ್ಕೊಂದೇ ಚಾಟ್ನಿ. ನಮ್ಮ ಬಳ್ಳಿಗೆ ಆ ನಿದ್ದೆಯಿಲ್ಲ. ಏಪ್ರಿಲ್, ಅಕ್ಟೋಬರ್ ಸುಮಾರಿಗೆ ಎರಡು ಚಾಟ್ನಿ.

ಕೆಂಪು ವೈನ್ ತಣ್ಣಗಾದಷ್ಟೂ ಅದರ ಒಗರು ಎದ್ದು ಕಾಣುತ್ತದೆ. ಸ್ಕಿಯಾವಾ ವೈನ್ ತಿಳಿಗೆಂಪು, ಒಗರೂ ಕಡಿಮೆ. ಅದಕ್ಕೇ 12–14 ಡಿಗ್ರಿಗೆ ತಂಪಾಗಿಸಿ ಬಡಿಸುತ್ತಾರೆ.

ಇದೆಲ್ಲ ನಮಗೇಕೆ? ನಮ್ಮ ದ್ರಾಕ್ಷಿ ಬಹುಪಾಲು ಹಣ್ಣಾಗಿ, ಒಣದ್ರಾಕ್ಷಿಯಾಗಿ ಮಾರಾಟವಾಗುತ್ತದೆ. ಬೆಲೆ ಬಿದ್ದರೆ ಮಕ್ಕಳ ಕಾಲೇಜು ಫೀಸಿಗೇ ಕುತ್ತು. ರಾಜ್ಯದಲ್ಲಿ 2007ರಿಂದ ವೈನ್ ನೀತಿಯಿದೆ. ತೋಟಗಾರಿಕೆ, ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಗೆಳೆಯರೇ, ವೈನ್ ಕುಡಿಯಬೇಕಿಲ್ಲ. ಯಾವ ತಳಿ ಯಾವುದಕ್ಕೆ ಒದಗುತ್ತದೆಂದು ತಿಳಿದಿದ್ದರೆ ಸಂದರ್ಶನದಲ್ಲೂ ತೋಟದಲ್ಲೂ ಉಪಯೋಗಕ್ಕೆ ಬಂದೀತು.