ಕಾರಿನ ಬಾಗಿಲಲ್ಲಿ ಟ್ರೇಲರಿನ ತೂಕ

ಅಮೆರಿಕದ ಕನ್ನಡ ಕೂಟಗಳಲ್ಲಿ ಯುಗಾದಿ ಊಟಕ್ಕೆ ಸಾಲು ನಿಂತಾಗ ವೀಸಾ, ಮನೆ ಸಾಲದ ಮಾತಿನ ಜೊತೆಗೆ ಈಚೆಗೆ ಟ್ರಾವೆಲ್ ಟ್ರೇಲರಿನ ಮಾತೂ ಕಿವಿಗೆ ಬೀಳುತ್ತದೆ. ಹಾಸಿಗೆ, ಒಲೆ, ಸಿಂಕು, ಪುಟ್ಟ ಬಚ್ಚಲು ಎಲ್ಲ ಇರುವ ಗಾಡಿಯನ್ನು ಕಾರಿನ ಹಿಂದೆ ಕಟ್ಟಿಕೊಂಡು ಯೆಲ್ಲೋಸ್ಟೋನಿಗೆ ಹೋಗಿ, ಬೆಳಿಗ್ಗೆ ಅಲ್ಲೇ ಉಪ್ಪಿಟ್ಟು ಕೆದಕುವ ಆಸೆ ಯಾರಿಗಿಲ್ಲ? ಡೆನ್ವರ್ ಪಕ್ಕದಲ್ಲಿರುವ ನಾನು ಎಂಟು ವರ್ಷದಿಂದ ಚಿಕ್ಕದೊಂದು ಟ್ರೇಲರ್ ಎಳೆಯುತ್ತಿದ್ದೇನೆ. ಹಾಗಾಗಿ ಕೊಳ್ಳಲು ಹೊರಟವರು ನನಗೆ ಫೋನ್ ಮಾಡುವುದುಂಟು. ಹೋದ ತಿಂಗಳು ಗೆಳೆಯರೊಬ್ಬರು ಕೇಳಿದರು: "ನಮ್ಮ ಕಾರು ಐದು ಸಾವಿರ ಪೌಂಡ್ ಎಳೆಯುತ್ತೆ. ನಾವು ನೋಡಿರೋ ಟ್ರೇಲರ್ ನಾಲ್ಕು ಸಾವಿರದ ಇನ್ನೂರು. ಇನ್ನೂ ಎಂಟುನೂರು ಉಳಿಯುತ್ತಲ್ಲ, ತಗೋಬಹುದು ತಾನೆ?"

ಬೇಡ ಎಂದೆ. ಅವರಿಗೆ ಬೇಸರವಾಯಿತು. ಆದರೆ ಆ ಒಂದು ಪ್ರಶ್ನೆಯೊಳಗೆ ಎರಡು ತಪ್ಪು ನಂಬಿಕೆಗಳಿದ್ದವು, ಎರಡೂ ಅಪಾಯದವು.

ಮೊದಲನೆಯದು, ಜಾಹೀರಾತಿನಲ್ಲಿ ಬರೆದದ್ದೇ ಟ್ರೇಲರಿನ ತೂಕ ಎಂಬುದು. ಆ 4,200 ಎಂಬುದು 'ಡ್ರೈ ವೇಟ್', ಅಂದರೆ ಕಾರ್ಖಾನೆಯಿಂದ ಹೊರಬಿದ್ದಾಗಿನ ಖಾಲಿ ಗಾಡಿಯ ತೂಕ. ಎಷ್ಟೋ ಸಲ ಬ್ಯಾಟರಿಯೂ ಗ್ಯಾಸೂ ಅದರಲ್ಲಿ ಸೇರಿರುವುದಿಲ್ಲ. ಬ್ಯಾಟರಿಗೆ 60 ಪೌಂಡ್ ಹಿಡಿಯಿರಿ. ತುಂಬಿದ ಪ್ರೊಪೇನ್ ಸಿಲಿಂಡರ್ ಒಂದೊಂದೂ 38ರ ಹತ್ತಿರ, ಅಂಥವು ಎರಡು. ನೀರು ಗ್ಯಾಲನ್ನಿಗೆ 8.34 ಪೌಂಡ್, 30 ಗ್ಯಾಲನ್ ತುಂಬಿದರೆ 250. ಆಮೇಲೆ ನಮ್ಮ ಸಂಸಾರ: ಕುಕ್ಕರ್, ಕಾವಲಿ, ಅಕ್ಕಿ, ರವೆ, ಹೊದಿಕೆ, ಮಡಚುವ ಕುರ್ಚಿಗಳು. ಇವಕ್ಕೆ 400 ಎಂದರೆ ಹೆಚ್ಚೇನಲ್ಲ. ಕೂಡಿಸಿ ನೋಡಿ, 4,986 ಆಯಿತು. ಗೆಳೆಯರ ಎಂಟುನೂರು ಪೌಂಡ್ ಮನೆಯ ಅಂಗಳ ದಾಟುವ ಮೊದಲೇ ಕರಗಿಹೋಯಿತು. ಟ್ರೇಲರಿನ ಎಡಬದಿಯಲ್ಲಿ ಮುಂದುಗಡೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಜಿವಿಡಬ್ಲ್ಯುಆರ್ ಎಂದು ಬರೆದಿರುವುದು ಪೂರ್ತಿ ಹೇರಿದಾಗ ಗಾಡಿ ತೂಗಬಹುದಾದ ಗರಿಷ್ಠ ತೂಕ. ಕೊಳ್ಳುವ ಮೊದಲು ಅದನ್ನೇ ಟ್ರೇಲರಿನ ತೂಕ ಎಂದು ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯ ನಂಬಿಕೆ ಇನ್ನೂ ಆಳವಾಗಿ ಬೇರು ಬಿಟ್ಟಿದೆ. ಕಾರು ಐದು ಸಾವಿರ ಎಳೆಯುತ್ತದೆ ಎಂದರೆ ಯಾವಾಗಲೂ, ಯಾರು ಕೂತರೂ ಎಳೆಯುತ್ತದೆ ಎಂಬುದು. ಈಗ ಹೆಚ್ಚಿನ ಕಂಪನಿಗಳು ಆ ಅಂಕಿ ಕೊಡುವುದು ಎಸ್ಎಇ ಜೆ2807 ಎಂಬ ಮಾನದಂಡದ ಪ್ರಕಾರ. ಪರೀಕ್ಷೆ ಸುಲಭದ್ದೇನಲ್ಲ. ಅದಕ್ಕೆ ಮಾದರಿ ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಏರು. ಸುಡುಬಿಸಿಲಿನಲ್ಲಿ ಏಸಿ ಪೂರ್ತಿ ಹಾಕಿಕೊಂಡು ಸುಮಾರು 11 ಮೈಲಿ ಹತ್ತಬೇಕು. ಆದರೆ ಕಾರಿನಲ್ಲಿ ಕೂತಿರುತ್ತಾರೆಂದು ಎಣಿಸುವುದು ಇಬ್ಬರನ್ನು ಮಾತ್ರ, ತಲಾ 150 ಪೌಂಡಿನವರು. ಮಕ್ಕಳಿಲ್ಲ, ಸಾಮಾನಿಲ್ಲ, ಊರಿಂದ ಬಂದ ಅಪ್ಪ ಅಮ್ಮ ಇಲ್ಲ.

ನಮ್ಮವರ ಮನೆಗಳಲ್ಲಿ ಪ್ರವಾಸ ಹೊರಡುವುದೇ ಬೇಸಿಗೆಯಲ್ಲಿ, ಅಪ್ಪ ಅಮ್ಮ ಬಂದಿರುವಾಗ. ಅಷ್ಟು ಜನರನ್ನು ಕಾರು ಹೊರಬಲ್ಲದೇ ಎಂದು ತಿಳಿಯಲು ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಟೈರಿನ ಗಾಳಿಯ ಅಳತೆ ಬರೆದ ಚಿಕ್ಕ ಚೀಟಿ ಕಾಣುತ್ತದೆ. ಕೂತವರು ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂಬ ಸಾಲು ಅದರಲ್ಲಿದೆ. ಅದಕ್ಕೆ ಪೇಲೋಡ್ ಎನ್ನುತ್ತಾರೆ. ಗೆಳೆಯರಿಗೆ ಫೋನ್ ಇಡದೆ ಹೋಗಿ ಓದಲು ಹೇಳಿದೆ. ಟಾರ್ಚ್ ಹಾಕಿ ಓದಿದರು: 1,240. ಗಂಡ ಹೆಂಡತಿ, ಇಬ್ಬರು ಮಕ್ಕಳು ಸೇರಿ 480. ಅಪ್ಪ ಅಮ್ಮ 280. ಟ್ರೇಲರನ್ನು ಕಾರಿಗೆ ಸಿಕ್ಕಿಸುವ ಕೊಂಡಿ, ಅಂದರೆ ಹಿಚ್ಚಿನ ಕಬ್ಬಿಣ 40. ಟ್ರೇಲರಿನ ಮೂತಿ ಕಾರಿನ ಮೇಲೆ ಹೇರುವ ಭಾರ ಒಟ್ಟು ತೂಕದ ಶೇಕಡಾ 10ರಿಂದ 15 ಇರಬೇಕು. 12 ಎಂದು ಹಿಡಿದರೂ ಸುಮಾರು 600. ಎಲ್ಲ ಸೇರಿ 1,400. ಒಂದು ಚೀಲವನ್ನೂ ಇಡುವ ಮೊದಲೇ 160 ಪೌಂಡ್ ಹೆಚ್ಚು. ಎಂಜಿನ್ ಗೊಣಗದೆ ಎಳೆದೀತು. ಹಿಂದಿನ ಚಕ್ರಗಳ ಮೇಲೆ ಕಾರು ಕೂತುಬಿಟ್ಟು, ಮುಂದಿನ ಚಕ್ರಗಳ ಹಿಡಿತ ಸಡಿಲವಾಗಿ, ಸ್ಟೀರಿಂಗ್ ಹಗುರಾಗುವುದು ಆಮೇಲೆ ತಿಳಿಯುತ್ತದೆ.

ಮೂತಿ ಭಾರ ಇಷ್ಟೊಂದು ತೊಂದರೆ ಕೊಡುವುದಾದರೆ ಅದನ್ನೇ ಕಡಿಮೆ ಮಾಡಿದರಾಯಿತಲ್ಲ ಎಂದು ಜಾಣರು ಕೇಳುತ್ತಾರೆ. ಇದು ಮೂರನೆಯ ತಪ್ಪು, ಎಲ್ಲಕ್ಕಿಂತ ಅಪಾಯದ್ದು. ಎತ್ತಿನ ಗಾಡಿ ಹೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಅಜ್ಜ ಭತ್ತದ ಚೀಲ ಹೇರಿಸುವಾಗ ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ತೀರಾ ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಟ್ರೇಲರಿಗೂ ಅದೇ ನ್ಯಾಯ. ಹಿಂಭಾರವಾದ ಟ್ರೇಲರ್ ವೇಗ ಏರಿದಂತೆ ಬಾಲ ಬೀಸಲು ತೊಡಗುತ್ತದೆ, ಕಾರನ್ನೂ ಅತ್ತಿತ್ತ ಎಳೆಯುತ್ತದೆ.

ನಾನೇ ಇದನ್ನು ಅನುಭವಿಸಿದ್ದೇನೆ. 3,200 ಪೌಂಡಿನ ನಮ್ಮ ಟ್ರೇಲರಿನ ಮೂತಿ ಭಾರ 360 ಇತ್ತು. ಒಂದು ಸಲ ನಾಲ್ಕು ಸೈಕಲ್ಲುಗಳನ್ನು ಹಿಂದಿನ ಬಂಪರಿಗೆ ಕಟ್ಟಿದೆ. ಸ್ಟ್ಯಾಂಡೂ ಸೇರಿ 160 ಪೌಂಡ್. ಅಚ್ಚಿನಿಂದ ಬಂಪರಿಗೆ 9 ಅಡಿ, ಅಚ್ಚಿನಿಂದ ಹಿಚ್ಚಿಗೆ 12 ಅಡಿ. ತಕ್ಕಡಿಯ ಲೆಕ್ಕ ಹಾಕಿದರೆ ಮೂತಿಯಿಂದ 120 ಪೌಂಡ್ ಎದ್ದುಹೋಗಿ 240 ಉಳಿಯಿತು, ಶೇಕಡಾ 8ಕ್ಕಿಂತ ಕಡಿಮೆ. ಇಳಿಜಾರಿನಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋಯಿತು. ಅದರ ಗಾಳಿಗೆ ಟ್ರೇಲರ್ ಒಮ್ಮೆ ಬೀಸಿತು, ಮತ್ತೊಮ್ಮೆ ಇನ್ನೂ ಜೋರಾಗಿ. ಹಿಂದಿನ ಸೀಟಿನಲ್ಲಿ ಮಗಳು ಸುಮ್ಮನಾದದ್ದು ಇಂದಿಗೂ ನೆನಪಿದೆ. ಕಾಲು ಬ್ರೇಕಿನ ಕಡೆಗೇ ಓಡುತ್ತದೆ, ಹಾಗೆ ಒತ್ತಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ಬ್ರೇಕ್ ಕಂಟ್ರೋಲರಿನ ಗುಂಡಿಯಿಂದ ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಲ್ಲಿ ಹಾಕಿದೆ. ನಿಂತಿತು. ಅಲ್ಲೇ ರಸ್ತೆ ಬದಿಯಲ್ಲಿ ಸೈಕಲ್ಲುಗಳನ್ನು ಬಿಚ್ಚಿ ಒಳಗೆ, ಅಚ್ಚಿಗಿಂತ ಮುಂದೆ ಮಲಗಿಸಿದೆವು.

ದಪ್ಪ ಹಿಚ್ ಹಾಕಿಸಿದರೆ ಎಳೆಯುವ ಶಕ್ತಿ ಹೆಚ್ಚುತ್ತದೆ ಎನ್ನುವವರಿದ್ದಾರೆ. ಇಲ್ಲ. ಹಿಚ್, ಕಾರು, ಟ್ರೇಲರಿನ ಮೂತಿ ಕೂರುವ ಹಿಚ್ಚಿನ ಚೆಂಡು, ಇವುಗಳಲ್ಲಿ ಯಾವುದರ ಅಂಕಿ ಕಡಿಮೆಯೋ ಅದೇ ನಿಮ್ಮ ಮಿತಿ. ಒಂದೇ ಹೆಸರಿನ ಕಾರುಗಳಿಗೆಲ್ಲ ಒಂದೇ ಮಿತಿ ಎಂಬುದೂ ಸುಳ್ಳು. 2019ರಲ್ಲಿ ಬಂದ ಪೀಳಿಗೆಯ ಟೊಯೋಟಾ ರಾವ್ 4 ಸಾಮಾನ್ಯ ಪೆಟ್ರೋಲ್ ಮಾದರಿಗೆ 1,500 ಪೌಂಡ್, ಅದರದೇ ಅಡ್ವೆಂಚರ್ ಮಾದರಿಗೆ 3,500.

"ಇದೇ ಕಾರಿಗೆ ಯುರೋಪಿನಲ್ಲಿ ಹೆಚ್ಚು ಎಳೆಯಲು ಬಿಡುತ್ತಾರೆ, ಇಲ್ಲಿ ವಕೀಲರ ಭಯ ಅಷ್ಟೆ" ಎಂಬ ಮಾತು ನಮ್ಮ ಎಂಜಿನಿಯರುಗಳ ಬಾಯಲ್ಲಿ ತುಂಬಾ ಓಡಾಡುತ್ತದೆ. ಅರ್ಧ ಸತ್ಯ. ಅಲ್ಲಿನ ಕ್ಯಾರವಾನಿನ ಅಚ್ಚು ಮಧ್ಯಕ್ಕೆ ಹತ್ತಿರ ಇರುತ್ತದೆ, ಮೂತಿ ಭಾರ ಒಟ್ಟು ತೂಕದ ಶೇಕಡಾ 5ರಿಂದ 7ರ ಆಸುಪಾಸು. ಅದು ನಡೆಯುವುದು ವೇಗಕ್ಕೆ ಕಡಿವಾಣ ಇರುವುದರಿಂದ: ಜರ್ಮನಿಯಲ್ಲಿ ಟ್ರೇಲರ್ ಎಳೆಯುವ ಕಾರಿಗೆ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್, ವಿಶೇಷ ಅನುಮತಿ ಇದ್ದರೆ 100. ಅಲ್ಲಿನ ತೂಕವನ್ನು ತಂದು ಇಲ್ಲಿನ 70 ಮೈಲಿ ವೇಗಕ್ಕೆ ಜೋಡಿಸುವುದು ಸರಿಯಲ್ಲ.

ಹಗುರವಾಗಿದ್ದರೆ ಸಾಕು, ಎತ್ತರ ಎಷ್ಟಿದ್ದರೇನು ಎಂಬ ನಂಬಿಕೆಯೂ ಚಿಕ್ಕ ಕಾರನ್ನು ಸೋಲಿಸುತ್ತದೆ. ಹೆದ್ದಾರಿಯಲ್ಲಿ ಕಾರು ಸೆಣಸುವುದು ಬಹುಪಾಲು ಗಾಳಿಯೊಡನೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 55 ಮೈಲಿಯಿಂದ 65ಕ್ಕೆ ಹೋದರೆ ತಡೆ ಶೇಕಡಾ 40ರಷ್ಟು ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೇಲರ್ ಎಳೆಯುವವರಿಗೆ 55 ಕಾನೂನಿನ ಮಿತಿ. ಗೋಡೆಯಂತೆ ನಿಂತ ಎಂಟಡಿ ಅಗಲದ ಹಗುರ ಟ್ರೇಲರಿಗಿಂತ ದುಂಡು ಮೂತಿಯ, ಕಿರಿದಾದ, ತುಸು ಭಾರದ ಟ್ರೇಲರನ್ನು ಎಳೆಯುವುದು ಎಷ್ಟೋ ಸುಲಭ. ಕೆಲವು ಕಾರುಗಳ ಕೈಪಿಡಿಯಲ್ಲಿ ಟ್ರೇಲರಿನ ಮುಂಭಾಗದ ವಿಸ್ತೀರ್ಣಕ್ಕೂ ಮಿತಿ ಬರೆದಿರುತ್ತಾರೆ, ಹುಡುಕಿ ಓದಿ. ನಮ್ಮ ಕೊಲರಾಡೋದಲ್ಲಿ ಬೆಟ್ಟದ ಎತ್ತರದ ಕಾಟ ಬೇರೆ: ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡಾ 3ರಷ್ಟು ಬಲ ಕಳೆದುಕೊಳ್ಳುತ್ತದೆ. 11,000 ಅಡಿ ದಾಟಿದ ಐಸೆನ್‌ಹೋವರ್ ಸುರಂಗ ಮುಟ್ಟುವಾಗ ಮೂರನೇ ಒಂದು ಪಾಲು ಬಲ ಹೋಗಿರುತ್ತದೆ.

ಚಿಕ್ಕ ಕಾರಿನವರು ನೋಡಬೇಕಾದ ಗಾಡಿಗಳು ಬಹಳ ಹಿಂದಿನಿಂದಲೇ ಇವೆ. ಕೆನಡಾದ ವಿನಿಪೆಗ್‌ನಲ್ಲಿ 1968ರಲ್ಲಿ ಬಂದ ಬೋಲರ್ ಮೊಟ್ಟೆಯಾಕಾರದ ಫೈಬರ್‌ಗ್ಲಾಸ್ ಟ್ರೇಲರ್. ಅದರದೇ ಸಂತತಿಯಂತಿರುವ 13 ಅಡಿಯ ಸ್ಕ್ಯಾಂಪ್ ಇಂದಿಗೂ ಮಿನೆಸೋಟಾದಲ್ಲಿ ತಯಾರಾಗುತ್ತಿದೆ. ಸೂರಿನಲ್ಲಿ ಹೊಲಿಗೆಗಳು ಕಡಿಮೆ, ಹಾಗಾಗಿ ಸೋರುವುದೂ ಕಡಿಮೆ. ಮರದ ಚೌಕಟ್ಟಿನ ಗಾಡಿಗಳನ್ನು ಕೊಲ್ಲುವುದೇ ಆ ಸೋರಿಕೆ. ಮೇಲ್ಭಾಗ ಮಡಚಿಕೊಳ್ಳುವ ಎ ಆಕಾರದವೂ ಇವೆ. ದೊಡ್ಡ ಬಚ್ಚಲು, ಅಗಲದ ಸೋಫಾ ಇವುಗಳಲ್ಲಿ ಸಿಗದು. ಆದರೂ ನನ್ನ ಮಟ್ಟಿಗೆ ಇವೇ ಸರಿ.

ಟ್ರೇಲರ್ ಕೊಳ್ಳುವ ಮೊದಲೇ ಕಾರನ್ನು ತೂಗಿಸಿ ಎಂದು ಗೆಳೆಯರಿಗೆ ಹೇಳಿದ್ದೆ. ಶನಿವಾರ ಆರೂ ಜನ ಕೂತು, ಡಿಕ್ಕಿಗೆ 150 ಪೌಂಡ್ ಸಾಮಾನು ತುಂಬಿಕೊಂಡು, ಹೆದ್ದಾರಿ ಬದಿಯ ಟ್ರಕ್ ಸ್ಟಾಪಿನ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿದರು. ಅವರ ತಾಯಿಗೆ ಊರಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವುದು ನೆನಪಾಯಿತಂತೆ. ತೂಕದ ಚೀಟಿ ನೋಡಿ ಲೆಕ್ಕ ಹಾಕಿದಾಗ ಹಿಚ್ಚಿನ ಕಬ್ಬಿಣ ಕಳೆದು ಮೂತಿ ಭಾರಕ್ಕೆ ಉಳಿದದ್ದು 290 ಪೌಂಡ್. ಶೇಕಡಾ 12ರಂತೆ, ಹೇರಿದ ಟ್ರೇಲರ್ 2,400 ಮೀರುವಂತಿಲ್ಲ. ಮರುದಿನ ಅವರು ನೋಡಲು ಹೋದದ್ದು ಹಳೆಯದೊಂದು 13 ಅಡಿಯ ಮೊಟ್ಟೆಯನ್ನು. ಆರು ಜನ ಹೇಗೆ ಮಲಗುತ್ತೀರಿ ಎಂದು ಕೇಳಿದೆ. "ಅಪ್ಪ ಅಮ್ಮ ಒಳಗೆ, ನಾವು ನಾಲ್ಕು ಜನ ಪಕ್ಕದಲ್ಲೇ ಟೆಂಟ್ ಹಾಕ್ಕೋತೀವಿ" ಎಂದರು.