ಪ್ರಾದೇಶಿಕ ದೂರದರ್ಶನದ ಪ್ರಸಾರಕಾಲ

ಬೀದರ ಜಿಲ್ಲೆಯ ಚಿಟಗುಪ್ಪ, ಹುಮನಾಬಾದ, ಬಸವಕಲ್ಯಾಣಗಳ ಸೀಮೆಯಲ್ಲಿ ಕನ್ನಡವು ಮರಾಠಿ, ಉರ್ದು, ತೆಲುಗುಗಳೊಡನೆ ಬೆರೆತು ಬಾಳುತ್ತಿರುವುದಷ್ಟೆ. ಇಂತಹ ಸೀಮೆಗೆ ನೆರೆಯ ದೂರದರ್ಶನಕೇಂದ್ರವು ಯಾವ ಹೊತ್ತಿನಲ್ಲಿ, ಯಾವ ಭಾಷೆಯಲ್ಲಿ, ಏನನ್ನು ತೋರಿಸಬೇಕೆಂಬುದು ಯಂತ್ರಜ್ಞರಿಗೆ ಮಾತ್ರ ಸೇರಿದ ವಿಷಯವಲ್ಲ. ಅದು ಔಚಿತ್ಯವಿಚಾರಕ್ಕೂ ಸೇರಿದುದು.

ಭರತಮುನಿಯು ನಾಟ್ಯಶಾಸ್ತ್ರದ 27ನೆಯ ಅಧ್ಯಾಯದಲ್ಲಿ ಪ್ರಯೋಗಕಾಲವನ್ನು ನಿರೂಪಿಸಿರುವನು. ಧರ್ಮಕಥೆಯುಳ್ಳ ಪ್ರಯೋಗಕ್ಕೆ ಪೂರ್ವಾಹ್ಣವು ಯೋಗ್ಯ. ಶೃಂಗಾರದಿಂದಲೂ ಗೀತವಾದ್ಯಗಳಿಂದಲೂ ತುಂಬಿದುದಕ್ಕೆ ರಾತ್ರಿಯ ಮೊದಲ ಭಾಗ. ನಡುಹಗಲು, ನಡುರಾತ್ರಿ, ಸಂಧ್ಯೆ, ಭೋಜನಕಾಲ ಇವು ವರ್ಜ್ಯಗಳು. ಆದರೆ ಒಡೆಯನ ಅಪ್ಪಣೆಯಾದಲ್ಲಿ ಕಾಲವನ್ನೆಣಿಸದೆ ಆಡಬಹುದೆಂಬ ಅಪವಾದವೂ ಅಲ್ಲಿಯೇ ಉಂಟು. ಈಗಿನ ಪ್ರಸಾರದಲ್ಲಿ ಈ ಅಪವಾದವೇ ನಿಯಮವಾಗಿ ಕುಳಿತಿದೆಯೆನ್ನಬೇಕು; ಜಾಹೀರಾತು ಕೊಡುವವನೂ ಒಬ್ಬ ಒಡೆಯನೇ.

ಈ ಭಾಗದ ಹಳ್ಳಿಗಳಿಗೆ ದೂರದರ್ಶನವು ಮೊದಲು ಬಂದುದು ಉಪಗ್ರಹದ ದ್ವಾರಾ. 1975ನೆಯ ಆಗಸ್ಟ್ 1ರಿಂದ 1976ನೆಯ ಜುಲೈ 31ರವರೆಗೆ ಅಮೆರಿಕೆಯ ಎ.ಟಿ.ಎಸ್.-6 ಉಪಗ್ರಹವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪ್ರಸಾರವನ್ನು ಒದಗಿಸಿತು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು ಇದಕ್ಕೆ ಒಳಪಟ್ಟಿದ್ದುವು. ಬೆಳಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ. ಸಂಜೆ ಎರಡೂವರೆ ಗಂಟೆ ಹೊಲದಿಂದ ಮರಳಿದ ದೊಡ್ಡವರಿಗೆ. ಇದರಲ್ಲಿ ಕಾಲೌಚಿತ್ಯವಿದ್ದಿತು, ಊನವಿದ್ದುದು ಭಾಷೆಯ ಪಾಲಿನಲ್ಲಿ. ಬೆಳಗಿನ ಅವಧಿಯನ್ನು ಹಿಂದಿ, ಒರಿಯಾ, ತೆಲುಗು, ಕನ್ನಡಗಳು ಹಂಚಿಕೊಂಡುದರಿಂದ ಕನ್ನಡಕ್ಕೆ ದೊರೆತುದು 22½ ನಿಮಿಷ ಮಾತ್ರ. ಉಳಿದ ಹೊತ್ತಿನಲ್ಲಿ ಚಿತ್ರವು ಕಾಣಿಸಿದರೂ ಮಾತು ಮಕ್ಕಳದಾಗಿರಲಿಲ್ಲ.

ಈ ಊನಕ್ಕೆ ತಕ್ಕ ಪರಿಹಾರವು ಸ್ಥಳೀಯ ಕೇಂದ್ರವೇ. 1977ರಲ್ಲಿ ಗುಲ್ಬರ್ಗೆಯಲ್ಲಿ ಅದು ಸ್ಥಾಪಿತವಾಯಿತು. ರಾಜಧಾನಿಯಾದ ಬೆಂಗಳೂರು 1981ರವರೆಗೆ ಕಾಯಬೇಕಾಯಿತೆಂಬುದು ಗಮನಾರ್ಹ. ಆದರೆ 1982ನೆಯ ಆಗಸ್ಟ್ 15ರಿಂದ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮವು ರಾತ್ರಿಯ ಪ್ರಸಾರದಲ್ಲಿ ನೆಲೆಗೊಂಡಿತು. ತೊಗರಿ, ಜೋಳಗಳ ಬೇಸಾಯಗಾರನು ಉಂಡು ವಿಶ್ರಮಿಸಿ ನೋಡಲು ಕೂಡುವ ಹೊತ್ತೇ ಅದು! ಪ್ರಾದೇಶಿಕ ಪ್ರಸಾರಕ್ಕೆ ಉಳಿದುದು ಅದಕ್ಕೂ ಮುಂಚಿನ ಕೆಲಸದ ಹೊತ್ತು. ನಿಮಿಷಗಳನ್ನು ಮಾತ್ರ ಎಣಿಸುವವರಿಗೆ ಈ ನಷ್ಟವು ತೋರದು. ಭರತನ ಕ್ರಮವನ್ನು ಬಲ್ಲವರಿಗೆ ತೋರುತ್ತದೆ. ಸ್ಥಳೀಯ ಕೇಂದ್ರಕ್ಕೆ ದಿನಕ್ಕೆ ಅರ್ಧಗಂಟೆಯೇ ದೊರೆಯಲಿ, ಅದು ರಾತ್ರಿಯ ಮೊದಲ ಭಾಗದಲ್ಲಿರಬೇಕು. ಅದರಲ್ಲಿ ಆ ನಾಡಿನ ನುಡಿಯೇ ಕೇಳಬೇಕು.

ದೇಶದ ಭೂತಲಪ್ರಸಾರದ ಗೋಪುರಗಳಲ್ಲಿ ಬಹುಪಾಲನ್ನು 2021-22ರಲ್ಲಿ ನಿಲ್ಲಿಸಲಾಯಿತು. ಈಗ ಚಿಟಗುಪ್ಪದ ಮನೆಗಳಿಗೆ ದೂರದರ್ಶನದ ಕನ್ನಡವು ಬೆಂಗಳೂರಿನ ಚಂದನವಾಹಿನಿಯಿಂದ ಬರುತ್ತಿದೆ.